ಹೊತ್ತಿಸುವ ಮುಂಚೆ ಸಿಗಾರ್ ಪರೀಕ್ಷೆ: ಒಣಗಿದೆಯಾ, ನೆನೆದಿದೆಯಾ, ಕೆಟ್ಟಿದೆಯಾ?

ಗಂಟಲು ಉರಿ, ಒಂದೇ ಪಕ್ಕ ಉರಿಯುವುದು, ಮತ್ತೆ ಮತ್ತೆ ಆರಿಹೋಗುವುದು, ನಾಲಿಗೆಗೆ ಕಹಿ. ಸಿಗಾರ್ ಬಗ್ಗೆ ಬರುವ ದೂರುಗಳು ಸಾಮಾನ್ಯವಾಗಿ ಇವೇ. ಇವುಗಳಲ್ಲಿ ಬಹಳಷ್ಟು ಬೆಂಕಿ ತಾಗಿದಾಗ ಹುಟ್ಟಿದ್ದಲ್ಲ. ಎಲೆಯೊಳಗಿನ ತೇವ ಹೆಚ್ಚುಕಮ್ಮಿ ಆದಾಗಲೇ ಶುರುವಾಗಿರುತ್ತವೆ. ಹಾಗಾಗಿ ಕಡ್ಡಿ ಗೀರುವ ಮುಂಚೆಯೇ ಪತ್ತೆ ಮಾಡಬಹುದು. ಕಣ್ಣು, ಬೆರಳು, ಮೂಗು, ಕೊನೆಗೆ ಬೆಂಕಿ ಇಲ್ಲದೆ ಒಂದು ಎಳೆತ, ಅಷ್ಟೇ ಬೇಕಾಗಿರುವುದು. ಒಂದೇ ಲಕ್ಷಣ ನೋಡಿ ತೀರ್ಮಾನಕ್ಕೆ ಬರಬೇಡಿ. ಕಡೇಪಕ್ಷ ಎರಡು ಲಕ್ಷಣ ಒಂದೇ ಮಾತು ಹೇಳಬೇಕು.

ವಯಸ್ಸು ನೋಡಿ ಅಳೆಯುವುದನ್ನು ಮೊದಲು ಬಿಡಿ. ಹತ್ತು ವರ್ಷ ಸರಿಯಾದ ತೇವದಲ್ಲಿ ಮಲಗಿದ್ದ ಸಿಗಾರ್ ಇವತ್ತು ಸೊಗಸಾಗಿ ಉರಿಯಬಹುದು. ಹೋದ ತಿಂಗಳು ಕೊಂಡದ್ದು ಒಂದು ವಾರ ಬಿಸಿಲಿಗೆ ನಿಂತ ಕಾರಿನಲ್ಲಿ ಇದ್ದರೆ ಮುಗೀತು. "ಎಷ್ಟು ಹಳೇದು?" ಅಂತ ಕೇಳುವುದಕ್ಕಿಂತ "ಇಷ್ಟು ದಿನ ಎಲ್ಲಿತ್ತು?" ಅಂತ ಕೇಳಿದರೆ ಜಾಸ್ತಿ ಉಪಯೋಗ.

ಯಾವ ಬಗೆಯದು ಅಂತ ಮೊದಲು ನೋಡಿ

ಎಲ್ಲ ಸಿಗಾರ್‌ಗೂ ಒಂದೇ ಅಳತೆ ಹಾಕಿದರೆ ಇಲ್ಲದ ದೋಷ ಕಾಣುತ್ತದೆ. ಕ್ಯೂಬಾ, ಡೊಮಿನಿಕನ್ ಗಣರಾಜ್ಯ, ನಿಕರಾಗುವಾ, ಹೊಂಡುರಾಸ್ ಕಡೆಯ ಕೈಯಲ್ಲಿ ಸುತ್ತಿದ ಸಿಗಾರ್‌ಗಳಿಗೆ ತೇವ ಬೇಕೇ ಬೇಕು. ಅವುಗಳಿಗೆ ಹೇಳುವ ಹಳೆಯ ಲೆಕ್ಕ ಶೇ. 70 ತೇವಾಂಶ, 21 ಡಿಗ್ರಿ ಸೆಲ್ಸಿಯಸ್. ಈಗ ಅನೇಕರು ಶೇ. 65ರಿಂದ 69ರ ನಡುವೆ ಇಡುತ್ತಾರೆ. ನನ್ನ ಓಟೂ ಅದಕ್ಕೇ, ಉರಿ ಸಮವಾಗಿ ಬರುತ್ತದೆ.

ಇಟಲಿಯ ಟೋಸ್ಕಾನೊ ಹಾಗಲ್ಲ. ಹೊಗೆಯಲ್ಲಿ ಒಣಗಿಸಿದ ಕೆಂಟಕಿ ತಂಬಾಕಿನಿಂದ ಮಾಡುವ ಅದು ಹುಟ್ಟಿನಿಂದಲೇ ಗಟ್ಟಿ, ಒರಟು, ಒಣ. ಡಚ್ ಶೈಲಿಯ ಪುಟ್ಟ ಸಿಗಾರ್‌ಗಳೂ ಒಣಗಿದ ಸ್ಥಿತಿಯಲ್ಲೇ ಸೇದಲು ಮಾಡಿದವು. ಇವನ್ನು ಒತ್ತಿ ನೋಡಿ "ಅಯ್ಯೋ, ಒಣಗಿಹೋಗಿದೆ" ಅಂತ ತೇವ ಕಾಯುವ ಸಿಗಾರ್ ಪೆಟ್ಟಿಗೆಗೆ, ಅಂದರೆ ಹ್ಯೂಮಿಡಾರ್‌ಗೆ ತುಂಬಿದರೆ ಚೆನ್ನಾಗಿದ್ದದ್ದನ್ನು ನಾವೇ ಕೆಡಿಸಿದ ಹಾಗೆ. ಮುಂದೆ ಹೇಳುವುದೆಲ್ಲ ಮೊದಲನೇ ಬಗೆಯ ಸಿಗಾರ್‌ಗೆ.

ಕಣ್ಣಿಗೆ ಕಾಣುವುದು

ಒಳ್ಳೆಯ ಬೆಳಕಿನಲ್ಲಿ ನಿಧಾನವಾಗಿ ತಿರುಗಿಸಿ ನೋಡಿ. ರ್ಯಾಪರ್, ಅಂದರೆ ಹೊರಗಿನ ಎಲೆ, ಬಿಗಿಯಾಗಿ ಅಂಟಿಕೊಂಡಿರಬೇಕು. ಸಣ್ಣ ಎಣ್ಣೆ ಹೊಳಪು ಇದ್ದರೆ ಒಳ್ಳೆಯದು. ಆದರೆ ಹೊಳಪನ್ನು ಆಯಾ ಎಲೆಗೆ ತಕ್ಕಂತೆ ಅಳೆಯಬೇಕು. ಮಡೂರೊದಂಥ ಕಪ್ಪು ದಪ್ಪ ಎಲೆ ಮಿರುಗುತ್ತದೆ. ಕನೆಕ್ಟಿಕಟ್ ಶೇಡ್‌ನಂಥ ತೆಳು ಎಲೆ ಹೊಸದಾಗಿದ್ದಾಗಲೂ ಮಂಕಾಗಿಯೇ ಇರುತ್ತದೆ, ಅದು ದೋಷ ಅಲ್ಲ.

ದೋಷ ಅಂದುಕೊಂಡು ಜನ ಹೆದರುವ ಇನ್ನೂ ಕೆಲವು ಇವೆ. ಎಲೆಯ ಮೇಲೆ ತಿಳಿ ಅಥವಾ ಹಸಿರು ಮಚ್ಚೆ ಇದ್ದರೆ ಸಾಮಾನ್ಯವಾಗಿ ಅದು ಹೊಲದಲ್ಲೋ ಒಣಗಿಸುವಾಗಲೋ ಆದ ಗುರುತು. ಕ್ಯಾಮರೂನ್ ಎಲೆಯ ಮೇಲೆ ಸಣ್ಣ ಸಣ್ಣ ಗುಳ್ಳೆಗಳಿರುತ್ತವೆ, ಅದು ಆ ಎಲೆಯ ಗುಣ. ಪೂರ್ತಿ ಹಸಿರಾಗಿದ್ದರೆ ಅದು ಕ್ಯಾಂಡೆಲಾ. ಎಲೆಯನ್ನು ಶಾಖ ಕೊಟ್ಟು ಬೇಗ ಒಣಗಿಸಿ ಹಸಿರನ್ನು ಹಾಗೇ ಉಳಿಸಿಕೊಂಡಿರುತ್ತಾರೆ. ಬಣ್ಣ ಗಾಢವಾದಷ್ಟೂ ತಾಜಾ ಅನ್ನೋದು ಬರೀ ನಂಬಿಕೆ.

ನಿಜಕ್ಕೂ ಯೋಚನೆ ಮಾಡಬೇಕಾದವು ಬೇರೆ. ಉದ್ದಕ್ಕೆ ಸೀಳಿದ ಕೂದಲೆಳೆಯಂಥ ಬಿರುಕು ಒಂದು. ಬಿರುಕು ಎಲ್ಲಿದೆ ಅನ್ನುವುದು ಮುಖ್ಯ. ಫುಟ್ ಕಡೆ, ಅಂದರೆ ಹೊತ್ತಿಸುವ ತುದಿಯಲ್ಲಿ, ಸ್ವಲ್ಪ ಹರಿದಿದ್ದರೆ ಬಹುಪಾಲು ಸಾಗಾಟದ ಪೆಟ್ಟು. ನಡುವಿನಲ್ಲಿ, ಅದೂ ಎರಡು ಮೂರು ಕಡೆ ಬಿರುಕಿದ್ದರೆ ತೇವದ ತೊಂದರೆ. ಒಣಗಿ ಕುಗ್ಗಿ ಸೀಳಿರಬಹುದು, ಇಲ್ಲವೇ ಒಳಗಿನ ಎಲೆ ಊದಿ ಹೊರಗಿನದನ್ನು ಒಡೆದಿರಬಹುದು. ಎರಡೂ ನೋಡಲು ಒಂದೇ ಥರ, ಬೆರಳಿಟ್ಟಾಗ ಬೇರೆ ಬೇರೆ. ಬ್ಯಾಂಡ್, ಅಂದರೆ ಸುತ್ತ ಹಾಕಿರುವ ಕಾಗದದ ಪಟ್ಟಿ, ಸಡಿಲವಾಗಿ ಬಳೆಯಂತೆ ಓಡಾಡುತ್ತಿದ್ದರೆ ಸಿಗಾರ್ ಒಣಗಿ ಕುಗ್ಗಿರುವ ಸಾಧ್ಯತೆ ಜಾಸ್ತಿ.

ಸೆಲ್ಲೋಫೇನ್ ಹೊದಿಕೆ ಹಳದಿ ಬಣ್ಣಕ್ಕೆ ತಿರುಗಿದ್ದರೆ ಅದು ಎಲೆಯ ಜೊತೆ ವರ್ಷಗಟ್ಟಲೆ ಇತ್ತು ಅಂತ ಮಾತ್ರ ಅರ್ಥ. ಒಳಗಿನದು ಕೆಟ್ಟಿದೆ ಅಂತಲೂ ಅಲ್ಲ, ಚೆನ್ನಾಗಿದೆ ಅಂತಲೂ ಅಲ್ಲ. ಸೆಲ್ಲೋಫೇನ್ ತೇವವನ್ನು ಪೂರ್ತಿ ತಡೆಯುವುದಿಲ್ಲ. ಹೊದಿಕೆ ಇದೆ ಅಂತ ಮೇಜಿನ ಮೇಲೆ ಬಿಟ್ಟರೆ ಒಣಗಿಯೇ ಒಣಗುತ್ತದೆ. ಲೋಹದ ಟ್ಯೂಬಿನ ಕಥೆಯೂ ಹೆಚ್ಚುಕಮ್ಮಿ ಹಾಗೇ, ಸ್ವಲ್ಪ ತಡವಾಗುತ್ತದೆ ಅಷ್ಟೇ.

ಬೆರಳಿಗೆ ಗೊತ್ತಾಗುವುದು

ಪರೀಕ್ಷೆಗಳಲ್ಲಿ ನಾನು ಜಾಸ್ತಿ ನಂಬುವುದು ಇದನ್ನೇ. ಹೆಬ್ಬೆರಳು, ತೋರುಬೆರಳುಗಳ ನಡುವೆ ಸಿಗಾರನ್ನು ಹಿಡಿದು ಫುಟ್‌ನಿಂದ ಶುರುಮಾಡಿ. ಒಂದೊಂದು ಬೆರಳಗಲಕ್ಕೆ ಒಮ್ಮೆ ಮೆಲ್ಲಗೆ ಒತ್ತಿ, ಬಿಟ್ಟು, ಮುಂದಕ್ಕೆ ಹೋಗಿ. ಕ್ಯಾಪ್, ಅಂದರೆ ಬಾಯಿಗಿಡುವ ತುದಿಯನ್ನು ಮುಚ್ಚಿರುವ ಎಲೆ, ಅದರ ಹತ್ತಿರ ಬಂದಾಗ ನಿಲ್ಲಿಸಿ, ಅಲ್ಲಿ ಒತ್ತಿದರೆ ಕ್ಯಾಪ್ ಬಿಟ್ಟುಕೊಳ್ಳಬಹುದು. ಹದವಾಗಿರುವ ಸಿಗಾರ್ ಸ್ವಲ್ಪ ತಗ್ಗುತ್ತದೆ, ಬೆರಳು ತೆಗೆದ ಕೂಡಲೇ ತನ್ನ ಆಕಾರಕ್ಕೆ ಮರಳುತ್ತದೆ, ಸದ್ದು ಮಾಡುವುದಿಲ್ಲ.

ಒಣಗಿದ್ದು ತಗ್ಗುವುದೇ ಇಲ್ಲ. ಇನ್ನೊಂಚೂರು ಒತ್ತಿದರೆ ಬೆರಳ ಕೆಳಗೆ ಚಿಟಚಿಟ ಅನ್ನುತ್ತದೆ. ಆ ಸದ್ದು ಕೇಳಿಸಿತೋ, ಅಲ್ಲೇ ನಿಲ್ಲಿಸಿ. ಇನ್ನೊಮ್ಮೆ ಒತ್ತಿದರೆ ರ್ಯಾಪರ್ ಒಡೆಯುತ್ತದೆ. ನೆನೆದದ್ದು ಇದಕ್ಕೆ ಉಲ್ಟಾ. ಮೆತ್ತಗೆ ಒಳಗೆ ಹೋಗುತ್ತದೆ, ಬೆರಳಿನ ಗುಳಿ ಸ್ವಲ್ಪ ಹೊತ್ತು ಹಾಗೇ ಉಳಿಯುತ್ತದೆ, ಕೈಗೆ ತೂಕವಾಗಿಯೂ ಅನಿಸುತ್ತದೆ.

ಗೊಂದಲ ಆಗುವುದು ಇಲ್ಲಿ: ಇಡೀ ಉದ್ದಕ್ಕೂ ಗಟ್ಟಿ ಇದ್ದರೆ ಒಣಗಿರಬಹುದು, ಇಲ್ಲವೇ ಬಿಗಿಯಾಗಿ ಸುತ್ತಿರಬಹುದು. ಒಂದೇ ಜಾಗದಲ್ಲಿ ಗಂಟು ಸಿಕ್ಕರೆ ಅದು ತೇವದ ವಿಷಯ ಅಲ್ಲವೇ ಅಲ್ಲ, ಸುತ್ತುವಾಗ ಅಲ್ಲಿ ಎಲೆ ಜಾಸ್ತಿ ಆಗಿದೆ. ಒಂದೇ ಜಾಗದಲ್ಲಿ ಮೆತ್ತಗಿದ್ದರೆ ಅಲ್ಲಿ ಎಲೆ ಕಮ್ಮಿ ಆಗಿದೆ, ಆ ಜಾಗಕ್ಕೆ ಬಂದಾಗ ಬೇಗ ಉರಿದು ಬಿಸಿ ಹೊಗೆ ಕೊಡುತ್ತದೆ. ತೇವದ ದೋಷ ಸಾಮಾನ್ಯವಾಗಿ ಉದ್ದಕ್ಕೂ ಹರಡಿರುತ್ತದೆ, ಸುತ್ತಿದ ದೋಷ ಒಂದೇ ಕಡೆ ಕೂತಿರುತ್ತದೆ. ಇಷ್ಟು ಗೊತ್ತಿದ್ದರೆ ಅರ್ಧ ಪತ್ತೆ ಆದಂತೆ.

ಇದಕ್ಕೊಂದು ಅಪವಾದ ಇದೆ. ಒಣ ಹವೆಯಲ್ಲಿ ಒಂದೆರಡು ದಿನ ಹೊರಗಿದ್ದ ಸಿಗಾರ್‌ನಲ್ಲಿ ಹೊರಗಿನ ಎಲೆ ಗರಿಗರಿ, ಒಳಗೆ ಮೆತ್ತಗೆ. ಇದು ಪೂರ್ತಿ ಒಣಗಿಲ್ಲ, ಸುಮ್ನೆ ಹ್ಯೂಮಿಡಾರ್‌ಗೆ ಮರಳಿಸಿ ವಾರ ಬಿಟ್ಟು ನೋಡಿ.

ಕಿವಿ ಹತ್ತಿರ ಹಿಡಿದು ಬೆರಳಲ್ಲಿ ಉರುಳಿಸಿ ಕೇಳುವ ಅಭ್ಯಾಸ ಕೆಲವರಿಗಿದೆ. ನೋಡಲು ಜೋರಾಗಿರುತ್ತದೆ. ಅದರಿಂದ ಒತ್ತಿ ನೋಡಿದ್ದಕ್ಕಿಂತ ಹೆಚ್ಚೇನೂ ತಿಳಿಯುವುದಿಲ್ಲ, ಒಣಗಿದ್ದರೆ ರ್ಯಾಪರ್ ಹಾಳಾಗುವುದಂತೂ ಖಂಡಿತ.

ದಪ್ಪವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಿಗಾರ್ ದಪ್ಪವನ್ನು ರಿಂಗ್ ಗೇಜ್‌ನಲ್ಲಿ ಹೇಳುತ್ತಾರೆ, ಒಂದು ಗೇಜ್ ಅಂದರೆ ಇಂಚಿನ 64ನೇ ಒಂದು ಭಾಗ. 50 ಗೇಜ್ ಅಂದರೆ ಸುಮಾರು 20 ಮಿಲಿಮೀಟರ್, 38 ಗೇಜ್ ಅಂದರೆ ಸುಮಾರು 15. ತೆಳ್ಳಗಿನದು ಬೇಗ ಒಣಗುತ್ತದೆ, ಬೇಗ ತೇವ ಹೀರುತ್ತದೆ. ಒಂದೇ ಪೆಟ್ಟಿಗೆಯಲ್ಲಿದ್ದ ದಪ್ಪ ಸಿಗಾರ್ ಹದವಾಗಿದ್ದು ತೆಳ್ಳಗಿನದು ಚಿಟಚಿಟ ಅಂದರೆ ಆಶ್ಚರ್ಯ ಬೇಡ.

ಮೂಗು, ಆಮೇಲೆ ಒಣ ಎಳೆತ

ಫುಟ್ ಅನ್ನು ಮೂಗಿನ ಹತ್ತಿರ ಹಿಡಿಯಿರಿ. ಹದವಾಗಿದ್ದರೆ ಮರ, ತೊಗಲು, ಒಣಹುಲ್ಲು, ಮಣ್ಣು ಈ ಥರದ ತುಂಬಿದ ವಾಸನೆ. ಏನೂ ವಾಸನೆ ಇಲ್ಲದಿದ್ದರೆ ತುಂಬಾ ದಿನ ಒಣಗಿದೆ ಅಂತ ಅನುಮಾನ ಪಡಿ. ಮುಗ್ಗಲು ವಾಸನೆ ಬಂದರೆ ಬೂಷ್ಟು ಹುಡುಕಿ. ಮೂಗಿಗೆ ಚುಚ್ಚುವ ಅಮೋನಿಯ ಘಾಟು ಬಂದರೆ ಅದು ಕೆಟ್ಟಿಲ್ಲ, ಇನ್ನೂ ಹಸಿ ಇದೆ. ಸುವಾಸನೆ ಬೆರೆಸಿದ ಸಿಗಾರ್‌ಗಳ ಜೊತೆ ಇಟ್ಟಿದ್ದರೆ ಅವುಗಳ ವಾಸನೆ ಇದಕ್ಕೂ ಹತ್ತಿರುತ್ತದೆ. ಅದನ್ನು ತೆಗೆಯಲು ಆಗುವುದಿಲ್ಲ, ಅವನ್ನು ಬೇರೆ ಇಡುವುದೊಂದೇ ದಾರಿ.

ಇನ್ನು ಕ್ಯಾಪ್ ಕತ್ತರಿಸಿ, ಬೆಂಕಿ ಇಲ್ಲದೆ ಎಳೆಯಿರಿ. ಗಾಳಿ ಸ್ವಲ್ಪ ತಡೆಯೊಂದಿಗೆ ಬರಬೇಕು. ಏನೂ ತಡೆ ಇಲ್ಲದೆ ಬಂದರೆ ಒಣಗಿದೆ, ಇಲ್ಲವೇ ಸಡಿಲ ಸುತ್ತಿದ್ದಾರೆ. ಕೆನ್ನೆ ಒಳಕ್ಕೆ ಹೋಗುವಷ್ಟು ಎಳೆದರೂ ಬರದಿದ್ದರೆ ನೆನೆದಿದೆ, ಇಲ್ಲವೇ ಒಳಗೆ ಎಲೆ ಕಟ್ಟಿಕೊಂಡಿದೆ. ಈ ಎರಡನ್ನು ಬೇರೆ ಮಾಡುವುದು ಸುಲಭ. ತೇವ ಕೊಡುವ ಯಾವುದೂ ಇಲ್ಲದ ಖಾಲಿ ಮರದ ಪೆಟ್ಟಿಗೆಯಲ್ಲಿ ಎರಡು ದಿನ ಇಡಿ. ಕತ್ತರಿಸಿದ್ದರೂ ಪರವಾಗಿಲ್ಲ, ಹೊತ್ತಿಸಿಲ್ಲ ಅಲ್ವಾ? ಎರಡು ದಿನದ ನಂತರ ಎಳೆತ ಸಡಿಲವಾದರೆ ತೇವದ್ದೇ ತಪ್ಪು. ಹಾಗೇ ಇದ್ದರೆ ಸುತ್ತಿದ್ದರಲ್ಲಿ ದೋಷ, ಉದ್ದ ಸೂಜಿಯಂಥ ಡ್ರಾ ಟೂಲ್ ಹಾಕಿ ದಾರಿ ಮಾಡಬೇಕು.

ಒಣಗಿದೆ ಅಂತ ಗೊತ್ತಾದರೆ

ಅವಸರವೇ ಇಲ್ಲಿ ದೊಡ್ಡ ಶತ್ರು. ಒಣಗಿದ ಸಿಗಾರನ್ನು ಒಮ್ಮೆಲೇ ಶೇ. 70ಕ್ಕೆ ಹಾಕಿದರೆ ಬಾಯಿ ತೆರೆದಿರುವ ಫುಟ್ ಮೊದಲು ತೇವ ಹೀರಿ ಊದುತ್ತದೆ, ಇನ್ನೂ ಪೆಡಸಾಗಿರುವ ರ್ಯಾಪರ್ ಹರಿಯುತ್ತದೆ. ನೀರು ಚಿಮುಕಿಸುವುದು, ಒದ್ದೆ ಬಟ್ಟೆ ಸುತ್ತುವುದು, ಹಣ್ಣಿನ ಹೋಳು ಜೊತೆಗಿಡುವುದು ಎಲ್ಲ ಬೂಷ್ಟಿಗೆ ಕೊಟ್ಟ ಆಹ್ವಾನ.

ಗಾಳಿಯಾಡದ ಡಬ್ಬಿಯಲ್ಲಿ ಬೊವೆಡಾದಂಥ ಪ್ಯಾಕೆಟ್ ಹಾಕಿ ಇಡಿ. ಇವು ತೇವ ಕೊಡುತ್ತವೆ, ಜಾಸ್ತಿಯಾದರೆ ಹೀರಿಯೂ ಕೊಳ್ಳುತ್ತವೆ. 62, 65, 69, 72 ಹೀಗೆ ಬೇರೆ ಬೇರೆ ಅಂಕಿಯಲ್ಲಿ (ಶೇಕಡಾ ತೇವಾಂಶ) ಸಿಗುತ್ತವೆ. 62ರಿಂದ ಶುರುಮಾಡಿ, ಒಂದೆರಡು ವಾರಕ್ಕೆ 65, ಆಮೇಲೆ ಬೇಕಿದ್ದರೆ 69. ತುಂಬಾ ಒಣಗಿದ್ದರೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಆಯಿತೋ ಇಲ್ಲವೋ ಅಂತ ತಿಳಿಯಲು ದಿನಾ ಒತ್ತಿ ನೋಡಬೇಡಿ. ಗ್ರಾಮಿನ ನೂರನೇ ಭಾಗ ತೋರಿಸುವ ಪುಟ್ಟ ತಕ್ಕಡಿ ಇದ್ದರೆ ವಾರಕ್ಕೊಮ್ಮೆ ಅದೇ ಸಿಗಾರನ್ನು ತೂಗಿ ಬರೆದಿಡಿ. ತೇವ ಹೀರುವಷ್ಟು ದಿನ ತೂಕ ಏರುತ್ತದೆ. ಎರಡು ವಾರ ಒಂದೇ ಅಂಕಿ ಬಂದರೆ ಡಬ್ಬಿಯ ತೇವಕ್ಕೆ ಹೊಂದಿಕೊಂಡಿದೆ, ಮುಂದಿನ ಪ್ಯಾಕೆಟ್ ಹಾಕಬಹುದು. ಇದರಲ್ಲಿ ಊಹೆಗೆ ಜಾಗವೇ ಇಲ್ಲ.

ತೇವ ಮರಳಿ ಬರುತ್ತದೆ, ಆರಿಹೋದ ಎಣ್ಣೆ ಬರುವುದಿಲ್ಲ. ವರ್ಷಗಟ್ಟಲೆ ಒಣಗಿದ್ದ ಸಿಗಾರ್ ಕೊನೆಗೆ ಸಮವಾಗಿ ಉರಿದರೂ ರುಚಿ ಸಪ್ಪೆ. ಮೂಗಿಗೆ ಏನೂ ಸಿಗದಿದ್ದ ಸಿಗಾರ್ ಮೇಲೆ ಇಷ್ಟೆಲ್ಲ ಶ್ರಮ ಹಾಕುವುದು ದಂಡ ಅಂತ ನನ್ನ ಅಭಿಪ್ರಾಯ.

ನೆನೆದಿದ್ದರೆ

ನೆನೆದದ್ದನ್ನು ಹಾಗೇ ಹೊತ್ತಿಸಿದರೆ ಎಳೆತ ಬಿಗಿ, ಹುಳಿ-ಕಹಿ ಹೊಗೆ, ಪದೇ ಪದೇ ಆರುವುದು, ಒಳಗೆ ಮಾತ್ರ ಅಥವಾ ಹೊರಗೆ ಮಾತ್ರ ಉರಿಯುವುದು. ಬಿಸಿಗೆ ಒಳಗಿನ ತೇವ ಹಿಗ್ಗಿ ರ್ಯಾಪರ್ ಸೀಳುವುದೂ ಉಂಟು. ಪರಿಹಾರ ಸುಲಭ: 62 ಅಥವಾ 65ರ ಪ್ಯಾಕೆಟ್ ಇರುವ ಡಬ್ಬಿಗೆ ಹಾಕಿ ಕೆಲವು ವಾರ ಮರೆತುಬಿಡಿ. ಅವಸರ ಇದ್ದರೆ ಮೇಲೆ ಹೇಳಿದ ಖಾಲಿ ಮರದ ಪೆಟ್ಟಿಗೆ, ಎರಡು ದಿನ. ಬಿಸಿಲಿಗೆ ಇಡುವುದು, ಫ್ಯಾನ್ ಕೆಳಗೆ ಇಡುವುದು ಬೇಡ. ಫ್ರಿಜ್ ಅಂತೂ ಬೇಡವೇ ಬೇಡ, ಒಣಗಿಸುವುದರ ಜೊತೆಗೆ ಅಲ್ಲಿರುವ ಎಲ್ಲದರ ವಾಸನೆಯನ್ನೂ ಹತ್ತಿಸುತ್ತದೆ.

ಬಿಳಿ ಕಂಡರೆ

ಬಿಳಿ ಪುಡಿಯನ್ನು ಕಂಡಾಗ "ಇದು ಬ್ಲೂಮ್, ಎಣ್ಣೆ ಹೊರಬಂದು ಹರಳಾಗಿದೆ, ಒಳ್ಳೆಯ ಲಕ್ಷಣ" ಅಂತ ಹೇಳುವವರು ಬಹಳ. ನಾನು ಹಾಗೆ ನಂಬಿ ಕೂರುವುದಿಲ್ಲ. ಬೇರೆ ಅಂತ ಖಾತರಿ ಆಗುವ ತನಕ ಬಿಳಿ ಅಂದರೆ ಬೂಷ್ಟು ಅಂತಲೇ ಲೆಕ್ಕ. ಭೂತಗನ್ನಡಿ ಹಿಡಿದು ನೋಡಿ. ನೂಲುನೂಲಾಗಿ, ರೋಮದಂತೆ ಎದ್ದಿದ್ದರೆ, ಮಚ್ಚೆ ಮಚ್ಚೆಯಾಗಿ ಗುಂಪು ಕಟ್ಟಿದ್ದರೆ, ನೀಲಿ ಅಥವಾ ಹಸಿರು ಛಾಯೆ ಇದ್ದರೆ ಅನುಮಾನವೇ ಬೇಡ. ಫುಟ್‌ನೊಳಗೆ ಇಣುಕಿ ನೋಡುವುದನ್ನು ಮರೆಯಬೇಡಿ. ಅಲ್ಲಿ ಬೂಷ್ಟು ಕಂಡರೆ ಒಳಗೂ ಇಳಿದಿದೆ.

ಒರೆಸಿ ಸೇದುವವರಿದ್ದಾರೆ. ನಾನಾದರೆ ಎಸೆಯುತ್ತೇನೆ. ಹದವಾಗಿಟ್ಟ ಸಿಗಾರ್ ಅಂದ ಮಾತ್ರಕ್ಕೆ ಹೊಗೆಯ ಹಾನಿಯೇನೂ ಕಮ್ಮಿ ಆಗುವುದಿಲ್ಲ, ಅದರ ಮೇಲೆ ಬೂಷ್ಟಿನ ಹೊಗೆ ಬೇರೆ ಯಾಕೆ? ಪಕ್ಕದಲ್ಲಿದ್ದವನ್ನು ಒಂದೊಂದಾಗಿ ನೋಡಿ ಬೇರೆ ಡಬ್ಬಿಗೆ ಹಾಕಿ. ಪೆಟ್ಟಿಗೆಯ ಒಳಭಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತುಸು ಅದ್ದಿದ ಬಟ್ಟೆಯಿಂದ ಒರೆಸಿ, ವಾಸನೆ ಪೂರ್ತಿ ಹೋಗುವ ತನಕ ತೆರೆದಿಡಿ.

ತೂತು ಕಂಡರೆ

ರ್ಯಾಪರ್ ಮೇಲೆ ಗುಂಡುಸೂಜಿ ತಲೆಯಷ್ಟು, ಅಂಚು ನೀಟಾಗಿರುವ ದುಂಡು ತೂತು ಇದ್ದರೆ ಅದು ತಂಬಾಕು ಹುಳದ ಕೆಲಸ. ಲ್ಯಾಸಿಯೋಡರ್ಮಾ ಸೆರ್ರಿಕಾರ್ನೆ ಅಂತ ಅದರ ಹೆಸರು. ಬೆಳೆದ ಹುಳ ಕೆಂಗಂದು, ಎರಡು ಮೂರು ಮಿಲಿಮೀಟರ್ ಉದ್ದ. ಎಲೆ ತಿಂದು ಸುರಂಗ ಕೊರೆಯುವುದು ಮುಖ್ಯವಾಗಿ ಅದರ ಮರಿ. ಸಿಗಾರನ್ನು ಬಿಳಿ ಕಾಗದದ ಮೇಲೆ ಹಿಡಿದು ಫುಟ್ ಕಡೆಯಿಂದ ಮೆಲ್ಲಗೆ ತಟ್ಟಿ. ಸಣ್ಣ ಕಂದು ಪುಡಿ ಉದುರಿ, ತೂತೂ ಇದ್ದರೆ ಖಚಿತ. ತೂತಿಲ್ಲದೆ ಒಂದೆರಡು ಎಲೆ ಚೂರು ಬಿದ್ದರೆ ಏನೂ ಅಲ್ಲ.

ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ. ಎಲೆಯಲ್ಲಿ ಮೊದಲೇ ಇದ್ದು, ಬೆಚ್ಚಗಾದಾಗ ಒಡೆಯುತ್ತದೆ. ಹಾಗಾಗಿಯೇ 24 ಡಿಗ್ರಿ ದಾಟದಂತೆ ನೋಡಿಕೊಳ್ಳಿ ಅಂತ ಹೇಳುವುದು. ತೂತಾದದ್ದನ್ನು ಎಸೆಯಿರಿ. ಅದರ ಜೊತೆಗಿದ್ದ ಎಲ್ಲವನ್ನೂ ಎರಡು ಪದರ ಜಿಪ್ ಚೀಲಕ್ಕೆ ಹಾಕಿ, ಗಾಳಿ ಹೊರಗೆ ಹಾಕಿ, ಒಂದು ದಿನ ಫ್ರಿಜ್‌ನಲ್ಲಿಡಿ. ಆಮೇಲೆ ಮೈನಸ್ 18 ಡಿಗ್ರಿ ಇರುವ ಫ್ರೀಜರ್‌ನಲ್ಲಿ ಕಡೇಪಕ್ಷ ಮೂರು ದಿನ, ಸಾಧ್ಯವಾದರೆ ವಾರ. ಮತ್ತೆ ಒಂದು ದಿನ ಫ್ರಿಜ್, ಒಂದು ದಿನ ಹೊರಗೆ. ಚೀಲ ಕೋಣೆಯ ಬಿಸಿಗೆ ಬರುವ ತನಕ ತೆರೆಯಬೇಡಿ, ಇಲ್ಲದಿದ್ದರೆ ಚೀಲದ ಮೇಲೆ ಕೂರಬೇಕಾದ ನೀರಿನ ಹನಿ ಸಿಗಾರ್ ಮೇಲೆ ಕೂರುತ್ತದೆ. ಫ್ರಿಜ್ ಬೇಡ ಅಂತ ಮೇಲೆ ಹೇಳಿದ್ದು ಬರಿದೇ ಇಡುವ ಬಗ್ಗೆ. ಚೀಲದೊಳಗೆ ಒಂದೆರಡು ದಿನಕ್ಕೆ ತೊಂದರೆ ಇಲ್ಲ.

ಘಾಟು ಬಂದರೆ

ತಂಬಾಕು ಹುದುಗುವಾಗ ಅಮೋನಿಯ ಹೊರಬರುತ್ತದೆ. ಅದು ಪೂರ್ತಿ ಹೋಗಿರದಿದ್ದರೆ ಸಿಗಾರ್ ಘಾಟು. ಔಷಧ ಕಾಲ ಒಂದೇ. ಶೇ. 65ರ ತೇವದಲ್ಲಿ ಕೆಲವು ತಿಂಗಳು ಮಲಗಿಸಿ, ಆಗಾಗ ಮುಚ್ಚಳ ತೆರೆದು ಗಾಳಿ ಆಡಿಸಿ. ಕ್ಯೂಬಾದ ಪೆಟ್ಟಿಗೆ ಆದರೆ ಅಡಿಭಾಗದಲ್ಲಿ ಫ್ಯಾಕ್ಟರಿ ಕೋಡ್ ಜೊತೆಗೆ ತಿಂಗಳು, ವರ್ಷದ ಮುದ್ರೆ ಇರುತ್ತದೆ. ತಿಂಗಳು ಸ್ಪ್ಯಾನಿಷ್‌ನಲ್ಲಿ: ಜನವರಿಗೆ ಇಎನ್‌ಇ, ಏಪ್ರಿಲ್‌ಗೆ ಎಬಿಆರ್, ಆಗಸ್ಟ್‌ಗೆ ಎಜಿಒ. ಮುದ್ರೆ ಈಚಿನದಾಗಿದ್ದು ಘಾಟೂ ಇದ್ದರೆ ಕಾರಣ ಹುಡುಕುತ್ತಾ ಹೋಗಬೇಕಿಲ್ಲ.

ಎಲ್ಲವೂ ಒಂದೇ ಥರ ಕೆಡುತ್ತಿದ್ದರೆ

ಆಗ ತಪ್ಪು ಸಿಗಾರ್‌ದಲ್ಲ, ಪೆಟ್ಟಿಗೆಯದು. ತೇವ ಅಳೆಯುವ ಮೀಟರ್ (ಹೈಗ್ರೊಮೀಟರ್) 69 ತೋರಿಸುತ್ತಿದೆ, ಆದರೂ ಸಿಗಾರ್ ಚಿಟಚಿಟ ಅನ್ನುತ್ತಿದೆ ಅಂದರೆ ಬೆರಳನ್ನು ನಂಬಿ, ಮೀಟರನ್ನು ಪರೀಕ್ಷಿಸಿ. ಬಾಟಲಿ ಮುಚ್ಚಳವೊಂದರಲ್ಲಿ ಉಪ್ಪು ತುಂಬಿ, ಕೆಲವು ಹನಿ ನೀರು ಹಾಕಿ. ಕರಗಬಾರದು, ಒದ್ದೆ ಮರಳಿನ ಹದಕ್ಕೆ ಬಂದರೆ ಸಾಕು. ಅದನ್ನೂ ಹೈಗ್ರೊಮೀಟರನ್ನೂ ಒಂದೇ ಜಿಪ್ ಚೀಲದಲ್ಲಿ ಹಾಕಿ, ಒಂದಕ್ಕೊಂದು ತಾಗದಂತೆ ಒಂದು ದಿನ ಬಿಡಿ. ಚೀಲದೊಳಗಿನ ಗಾಳಿ ಶೇ. 75ಕ್ಕೆ ನಿಲ್ಲುತ್ತದೆ. ಮೀಟರ್ 80 ತೋರಿಸಿದರೆ ಅದು ಐದು ಜಾಸ್ತಿ ಹೇಳುತ್ತಿದೆ, ಅಂದರೆ ನಿಮ್ಮ 69 ನಿಜವಾಗಿ 64ರ ಆಸುಪಾಸು.

ಮೀಟರ್ ಸರಿ ಇದ್ದು ತೇವ ನಿಲ್ಲದಿದ್ದರೆ ಪ್ಯಾಕೆಟ್ ಮುಟ್ಟಿ ನೋಡಿ, ಗಟ್ಟಿಯಾಗಿದ್ದರೆ ಅದರ ಕೆಲಸ ಮುಗಿದಿದೆ. ಹೊಸ ಮರದ ಹ್ಯೂಮಿಡಾರ್ ಆದರೆ ಒಳಗಿನ ಸ್ಪ್ಯಾನಿಷ್ ಸೀಡರ್ ಮರವೇ ಸಿಗಾರ್‌ನಿಂದ ತೇವ ಹೀರುತ್ತಿರುತ್ತದೆ. ಸಿಗಾರ್ ಇಡುವ ಮುಂಚೆ ಮರ ಹದ ಮಾಡಲು 84ರ ಪ್ಯಾಕೆಟ್ ಇಟ್ಟು ಎರಡು ವಾರ ಮುಚ್ಚಿಡಬೇಕು. ಇದೂ ಅಲ್ಲದಿದ್ದರೆ ಮುಚ್ಚಳ. ಒಂದು ಕಾಗದದ ಪಟ್ಟಿಯನ್ನು ಅಂಚಿನ ಮೇಲಿಟ್ಟು ಮುಚ್ಚಳ ಹಾಕಿ, ಪಟ್ಟಿಯನ್ನು ಎಳೆಯಿರಿ. ನಾಲ್ಕೂ ಕಡೆ, ಮೂಲೆಗಳಲ್ಲೂ ಹೀಗೇ ನೋಡಿ. ಎಲ್ಲಿ ಕಾಗದ ಸಲೀಸಾಗಿ ಜಾರಿ ಬರುತ್ತದೋ ಅಲ್ಲಿಂದಲೇ ತೇವ ಸೋರುತ್ತಿದೆ.